ಉಳಿದುಕೊಂಡ ಕಂಬಿಗಳು

ಸೈಕಲ್ ರಿಪೇರಿಯವನಿಗೆ ಬೆಳಗಿನಿಂದ ನಿಂತಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬಾಡಿಗೆ ಅಂಗಡಿಯನ್ನು ನಾಳೆ ಸಂಜೆಯೊಳಗೆ ಬಿಟ್ಟುಕೊಡಬೇಕು. ಲಾರಿಯಲ್ಲಿ ಬಂದಿಳಿದ ರೆಡಿಮೇಡ್ ಕಬ್ಬಿಣದ ಶೆಡ್ಡನ್ನು ಮನೆಯ ಪಕ್ಕದಲ್ಲಿ ತಾನೇ ಜೋಡಿಸುತ್ತಿದ್ದ. ಕಂಬಗಳು ನಿಂತಿದ್ದವು, ತೊಲೆಗಳು ಕೂತಿದ್ದವು. ಅಷ್ಟರಲ್ಲಿ ಹಾಳು ಗಾಳಿ ಶುರುವಾಗಿತ್ತು.

"ಬೇಗ ಬಾರೇ, ತಗಡು ಹಿಡ್ಕೋ. ನಾನು ಮೇಲೆ ಹತ್ತಿ ಸ್ಕ್ರೂ ಹಾಕ್ತೀನಿ."

ಹೆಂಡತಿ ತಗಡು ಹಿಡಿದು ಏಣಿಯ ಕೆಳಗೆ ನಿಂತಳು. ಅವಳ ಕಣ್ಣು ಮೂಲೆಯಲ್ಲಿದ್ದ ಉದ್ದನೆಯ ಕಂಬಿಗಳ ಮೇಲೆ ಬಿತ್ತು. "ಅದೇನ್ರೀ, ಅಷ್ಟೊಂದು ಉಳ್ಕೊಂಡಿದೆ?"

"ಹೆಚ್ಚಿಗೆ ಕಳಿಸಿದ್ದಾರೆ ಕಣೇ. ಬಟ್ಟೆ ಒಣಹಾಕೋಕೆ ಆಗುತ್ತೆ ಬಿಡು."

ಹೊತ್ತಿಗೆ ಸರಿಯಾಗಿ ಅವನ ಅಕ್ಕ ಬಂದಳು. ಶೆಡ್ಡು ಕಟ್ಟುವುದೇ ಅವಳ ಕಸುಬು. ಬಂದವಳೇ ಕಂಬವನ್ನು ಒಂದೇ ಕೈಯಲ್ಲಿ ತಳ್ಳಿದಳು. ಇಡೀ ಚೌಕಟ್ಟು ಸಡಿಲವಾದ ಹಲ್ಲಿನಂತೆ ಅಲ್ಲಾಡಿತು.

"ಬಟ್ಟೆ ಒಣಹಾಕ್ತೀಯೇನೋ? ಅದು ಓರೆಕಂಬಿ. ಮೂಲೆಯಿಂದ ಮೂಲೆಗೆ ಬಿಗೀಬೇಕು. ಅದಿಲ್ದೆ ತಗಡು ಹೊಡೆದ್ರೆ ಗಾಳಿಗೆ ಎಲ್ಲಾ ಮಗುಚಿಕೊಳ್ಳುತ್ತೆ."

"ಬೋಲ್ಟೆಲ್ಲಾ ಬಿಗಿಯಾಗಿದೆ ಅಕ್ಕ. ನನಗೆ ಪುರುಸೊತ್ತಿಲ್ಲ."

"ಇವಳನ್ನ ಅದರ ಕೆಳಗೆ ನಿಲ್ಲಿಸೋಕೆ ಪುರುಸೊತ್ತಿದೆಯಾ?"

ಹೆಂಡತಿ ತಗಡನ್ನು ಕೆಳಗಿಟ್ಟು, "ಅತ್ತಿಗೆ, ಹೇಗೆ ಅಂತ ನಮಗೂ ಹೇಳಿಕೊಡಿ," ಎಂದಳು.

ಅಕ್ಕ ಹಗ್ಗ ತರಿಸಿ ಮೂಲೆಯಿಂದ ಎದುರು ಮೂಲೆಗೆ ಎರಡೂ ಓರೆಯಲ್ಲಿ ಅಳೆಸಿದಳು. ಎರಡು ಅಳತೆಯೂ ಸಮವಾಗಿದ್ದರೆ ಮಾತ್ರ ಚೌಕಟ್ಟು ನೇರ. ಇಲ್ಲಿ ಒಂದು ಓರೆಗೆ ಸರಿಹೋದ ಹಗ್ಗ ಇನ್ನೊಂದಕ್ಕೆ ಗೇಣುದ್ದ ಸಾಲದೇ ಹೋಯಿತು. ಅವನು ಗೊಣಗುತ್ತ, ಮತ್ತೆ ಮತ್ತೆ ಆಕಾಶ ನೋಡುತ್ತ, ಬೋಲ್ಟು ಸಡಿಲಿಸಿ ಸಮ ಮಾಡಿದ. ಓರೆಕಂಬಿಗಳನ್ನು ಒಂದೊಂದಾಗಿ ಹಾಕಿದ.

ಕೊನೆಯ ಕಂಬಿ ಬಿಗಿಯುವಾಗ ಗಾಳಿ ಹುಚ್ಚೆದ್ದು ಬೀಸಿತು. ನೆಲದ ಮೇಲಿಟ್ಟಿದ್ದ ಆ ತಗಡು ಎದ್ದು ಏಣಿಗೆ ಬಡಿಯಿತು. ಏಣಿ, ತಗಡು ಎರಡೂ ಹೆಂಡತಿ ಮೊದಲು ತಗಡು ಹಿಡಿದು ನಿಂತಿದ್ದ ಜಾಗಕ್ಕೇ ಧಡಾರನೆ ಬಿದ್ದವು. ಚೌಕಟ್ಟು ಮಾತ್ರ ಕದಲಲಿಲ್ಲ.

ಅವನಿಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಸ್ಪ್ಯಾನರ್ ಕೆಳಗಿಟ್ಟ. "ಉಳಿದ ತಗಡಿನ ಮೇಲೆ ಕಲ್ಲು ಹೇರೋಣ. ಮಿಕ್ಕಿದ್ದು ನಾಳೆ, ಗಾಳಿ ನಿಂತ ಮೇಲೆ."

"ನಿಮ್ಮ ಬಾಯಲ್ಲಿ ನಾಳೆ ಅನ್ನೋ ಮಾತಾ!" ಎಂದು ಹೆಂಡತಿ ನಕ್ಕಳು.

ಶೆಡ್ಡನ್ನು ನೀವೇ ನಿಲ್ಲಿಸುತ್ತೀರಾ? ಧಾರಾಳವಾಗಿ ನಿಲ್ಲಿಸಿ. ಮೂಲೆ ಅಳೆಯಿರಿ, ಓರೆಕಂಬಿ ಬಿಗಿಯಿರಿ, ಆಮೇಲೆ ತಗಡು. ಗಾಳಿಯಿದ್ದರೆ ತಗಡನ್ನು ಮುಟ್ಟಲೇಬೇಡಿ. ಏಣಿ ಹತ್ತುವ ಮುನ್ನ ಒಮ್ಮೆ ಸುತ್ತಲೂ ನೋಡಿ. ಕಂಬಿ ಏನಾದರೂ ಉಳಿದಿದೆಯೇ? ಕೆಳಗೆ ನಿಂತಿರುವವರು ಯಾರು?