ಅಪ್ಪನ ಇಂಗ್ಲಿಷು

ಕೊನೆಗೂ ಕನಸು ಇಂಗ್ಲಿಷಿನಲ್ಲೇ ಬಿತ್ತು. ಎಚ್ಚರವಾದ ಮೇಲೂ ಅವನು ಕಣ್ಣು ಬಿಡಲಿಲ್ಲ. ಬಿಟ್ಟರೆ ಎಲ್ಲಿ ಹಾರಿಹೋಗುತ್ತದೋ ಎಂಬ ಭಯ. ಕನಸಿನಲ್ಲಿ ಅಪ್ಪ ತನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು, ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ್ದ. ಎಂಥ ನಯವಾದ ಇಂಗ್ಲಿಷು. ಅಪ್ಪ ಸತ್ತು ವರ್ಷವಾಗಿತ್ತು. ಬದುಕಿದ್ದಾಗ ಎಬಿಸಿಡಿ ಕೂಡ ಬರುತ್ತಿರಲಿಲ್ಲ.

ಭಾನುವಾರದ ಕ್ಲಾಸಿಗೆ ಅವನು ಹೆಚ್ಚುಕಡಿಮೆ ತೇಲುತ್ತಲೇ ಹೋದ. ಅಲ್ಲಿರುವವರೆಲ್ಲ ಅವನ ಹಾಗೆಯೇ ಎಂಜಿನಿಯರು, ಮ್ಯಾನೇಜರು. ಇಂಗ್ಲಿಷು ಚೆನ್ನಾಗಿಯೇ ಬರುವವರು, ಇನ್ನೂ ಚೆನ್ನಾಗಿ ಬರಲಿ ಎಂದು ಹಟ ಹಿಡಿದವರು. ಉಪ್ಪು, ಸೋಪು, ಹಲ್ಲುನೋವು ಎಲ್ಲವನ್ನೂ ಇಂಗ್ಲಿಷಿನಲ್ಲೇ ಯೋಚಿಸಬೇಕೆಂಬುದು ಮೇಡಂ ಕಟ್ಟಪ್ಪಣೆ. ಇಂಗ್ಲಿಷಿನಲ್ಲಿ ಕನಸು ಬಿದ್ದವರನ್ನು ಎದುರು ನಿಲ್ಲಿಸಿ ಚಪ್ಪಾಳೆ ತಟ್ಟುವುದು ಅಲ್ಲಿಯ ರೂಢಿ.

ಅವನಿಗೂ ತಟ್ಟಿದರು.

"ನಿಮ್ಮ ತಂದೆಯ ದನಿ ಹೇಗಿತ್ತು?" ಎಂದರು ಮೇಡಂ, ಇಂಗ್ಲಿಷಿನಲ್ಲೇ.

"ಥೇಟ್ ನಿಮ್ಮ ದನಿಯ ಹಾಗೆ."

ಎಲ್ಲರೂ ನಕ್ಕರು. ಅವನೂ ನಕ್ಕ. ಅಪ್ಪನ ನಿಜವಾದ ದನಿ ಹೇಗಿತ್ತು? ಎಷ್ಟು ತಡಕಿದರೂ ನೆನಪಾಗಲಿಲ್ಲ. ಕ್ಲಾಸು ಬಿಟ್ಟಿದ್ದೇ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಅಪ್ಪ ನನ್ನ ಊಟಕ್ಕೆ ಹೇಗೆ ಕರೀತಿದ್ರು?"

"ಇದೇನೋ ಹೊಸ ವರಸೆ? ಹುಷಾರಾಗಿದೀಯಾ?"

"ಹೇಳಕ್ಕಾ. ಒಂದ್ಸಲ ಅವರ ಥರ ಹೇಳು."

"ಅದೆಲ್ಲಿ ಬರುತ್ತೆ ನಂಗೆ? ಬಾಯ್ತುಂಬ ಗುಂಡುಸೂಜಿ ಕಚ್ಕೊಂಡು ಗೊಣಗೋರು. ಒಂದಕ್ಷರ ತಿಳೀತಿರ್ಲಿಲ್ಲ. ಏನಂದ್ರು ಅಂತ ನಾವೆಲ್ಲ ನಿನ್ನೇ ಕೇಳ್ತಿದ್ವಲ್ಲೋ. ಈಗ ನೀನು ನನ್ನ ಕೇಳ್ತೀಯಾ?"

ಅವನು ಏನೋ ಹೇಳಲು ಹೋದ. ಮೊದಲು ಬಾಯಿಗೆ ಬಂದದ್ದು ಇಂಗ್ಲಿಷು. ನುಂಗಿಕೊಂಡು ಫೋನ್ ಇಟ್ಟ.

ಮಧ್ಯಾಹ್ನ ಪರದೆ ಎಳೆದು ಮಲಗಿದ. ಬಾ ಎಂದರೆ ಬರುತ್ತದೆಯೇ ನಿದ್ದೆ. ಅಪ್ಪಾ, ಒಂದೇ ಒಂದು ಸಲ ಗೊಣಗು ಎಂದು ಬೇಡಿಕೊಂಡ. ಅಳು ಬಂತು. ಅಳುತ್ತಲೇ ಜೊಂಪು ಹತ್ತಿತು.

ಅಂಗಡಿಯ ತುಂಬ ಹಾಲಿನಂಥ ಬೆಳಕು. ಹೊಲಿಗೆಯಂತ್ರ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು. ಅಪ್ಪ ಬೆನ್ನು ಹಾಕಿ ಕೂತಿದ್ದ. ಅವನು ಓಡಿಹೋಗಿ ಕರೆದ. ಕರೆದದ್ದೇನೋ ಅಪ್ಪಾ ಎಂದೇ. ಬಾಯಿಂದ ಹೊರಟದ್ದು ಮಾತ್ರ ಉದ್ದನೆಯ, ಒಂದು ತಪ್ಪೂ ಇಲ್ಲದ ಇಂಗ್ಲಿಷು. ನಿಲ್ಲಿಸಲು ನೋಡಿದ. ನಿಲ್ಲಲಿಲ್ಲ.

ಅಪ್ಪ ತಿರುಗಿದ. ದೊಡ್ಡ ಮನುಷ್ಯರು ಅಂಗಡಿಗೆ ಬಂದು ಇಂಗ್ಲಿಷಿನಲ್ಲಿ ಏನಾದರೂ ಅಂದಾಗ ನಗುತ್ತಿದ್ದನಲ್ಲ, ಅದೇ ವಿನಯದ ನಗೆ ನಕ್ಕ. ಸ್ಟೂಲಿನ ಧೂಳನ್ನು ಕೈಯಲ್ಲೇ ಒರೆಸಿದ. ಕೊರಳಿನಿಂದ ಟೇಪು ತೆಗೆದ.

"ಕೈ ಸ್ವಲ್ಪ ಮೇಲೆತ್ತಿ ಸಾರ್."

ದನಿ ಅಪ್ಪನದೇ. ಅವನು ಎರಡೂ ಕೈ ಮೇಲೆತ್ತಿ ನಿಂತ.