ಜಂಪಣ್ಣನ ರುಜು

ನಮ್ಮ ಹಿತ್ತಲ ಗೋಡೆಯಾಚೆಗೆ ಚನ್ನಗಿರಿಯ ಆಟದ ಬಯಲು. ಏಳು ವರ್ಷ ಅಲ್ಲಿ ಎಮ್ಮೆಗಳು ಮೇಯ್ದುಕೊಂಡಿದ್ದವು. ಎಂಬತ್ತಮೂರನೆಯ ಇಸವಿಯ ಮಾಘಮಾಸದ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಮಾಳಿಗೆ ಹತ್ತಿ ನೋಡಿದರೆ ಇಬ್ಬರು ಆಳುಗಳು ಗುಂಡಿ ತೋಡಿ ಗೋಲಿನ ಕಂಬ ನಿಲ್ಲಿಸುತ್ತಿದ್ದರು. ನಮ್ಮೂರ ಕೋಟೆ ಫುಟ್‌ಬಾಲ್ ಸಂಘಕ್ಕೆ ಮತ್ತೆ ಜೀವ ಬಂದಿತ್ತು. ನನ್ನ ಹೆಂಡತಿ ಸರ್ವಮಂಗಳಮ್ಮ ಹಿಂದಿನ ಕಾರ್ತಿಕದಲ್ಲಿ ಲಿಂಗೈಕ್ಯಳಾಗಿದ್ದಳು. ಇನ್ನು ಮೂರು ತಿಂಗಳು ಇದ್ದಿದ್ದರೆ ನೋಡುತ್ತಿದ್ದಳು.

ಆಟದ ಹುಚ್ಚು ಅವಳದು. ನಾನು ಮೂವತ್ತಾರು ವರ್ಷ ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿದ್ದವನು. ಚೆಂಡೆಂದರೆ ಕಿಟಕಿಯ ಗಾಜು ಒಡೆಯುವ ವಸ್ತು ಎಂದಷ್ಟೇ ತಿಳಿದಿದ್ದೆ. ಪಂದ್ಯದ ದಿನ ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಮಾಳಿಗೆ ಹತ್ತುವಳು. ಕೈ ಅಕ್ಕಿಯಲ್ಲಿ, ಕಣ್ಣು ಬಯಲಿನಲ್ಲಿ. ಊಟದ ಹೊತ್ತಿಗೆ ನನ್ನ ಹಲ್ಲಿಗೆ ಕಲ್ಲು ಸಿಕ್ಕಿತೆಂದರೆ ಆ ದಿನ ಆಟ ಜೋರಾಗಿತ್ತೆಂದು ಗೊತ್ತಾಗುತ್ತಿತ್ತು. ಬೈದರೆ, "ಹೋಗ್ಲಿ ಬಿಡ್ರಿ, ಎರಡು ಗೋಲಿಗೆ ಒಂದು ಕಲ್ಲು," ಎನ್ನುವಳು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ನಡುವೆ ವರ್ಷಕ್ಕೊಮ್ಮೆ ಒಂದು ಶೀಲ್ಡಿಗಾಗಿ ಪಂದ್ಯಗಳು ನಡೆಯುತ್ತಿದ್ದವು. ಒಂದೊಂದು ಊರೂ ಮಿಕ್ಕ ಮೂರರೊಡನೆ ಎರಡೆರಡು ಸಲ ಆಡಬೇಕು. ಎಪ್ಪತ್ತಾರರಲ್ಲಿ ನ್ಯಾಮತಿಯವರು ನಮಗೆ ನಾಲ್ಕು ಗೋಲು ಹಾಕಿದರು. ಅಂದು ಅವಳು ಮೊರವನ್ನು ದಡಾರನೆ ಇಟ್ಟು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಗೋಲಿನಾಗೆ ನಿಂತೋನು ಚೆಂಡು ಬಂದ್ರೆ ಕಣ್ಣು ಮುಚ್ಕೊಂತಾನಲ್ರೀ! ಕಣ್ಣು ಮುಚ್ಚೋದಾದ್ರೆ ಮನೇಲಿ ಚಾಪೆ ಇರ್ಲಿಲ್ವಾ?" ಆ ಸೋಲಿನಿಂದ ಜಗಳ ಹುಟ್ಟಿ ಸಂಘವೇ ಮುರಿಯಿತು. ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲಿದ್ದುಕೊಂಡೇ ಅವಳು ಒಂದು ಸಂಜೆ, "ಟೀಮು ಎಂದಾದ್ರೂ ಕಟ್ಟಿದ್ರೆ ಗೋಲಿಗೆ ಒಬ್ಬ ಗಟ್ಟಿ ಕೈಯೋನ್ನ ನೋಡ್ರಿ," ಎಂದಳು. ನೋಡುತ್ತೇನೆ ಎಂದೆ. ಅವಳಿಗೆ ಕೊಟ್ಟ ಮಾತುಗಳಲ್ಲಿ ಅದು ಕೊನೆಯದು.

ಸಂಘವನ್ನು ಮತ್ತೆ ಕಟ್ಟಿದವನು ಅಡಿಕೆ ಮಂಡಿಯ ಮುರುಗೇಶಪ್ಪ, ನನ್ನ ಹಳೆಯ ವಿದ್ಯಾರ್ಥಿ. ಅವನು ಇಬ್ಬರು ಹೊಸ ಆಟಗಾರರನ್ನು ಹುಡುಕಿದ್ದ. ಸಂತೇಬೆನ್ನೂರಿನ ರೇವಣ್ಣನ ಎಡಗಾಲಿನ ಏಟು ಗೋಡೆಗೆ ಬಿದ್ದರೆ ಗಾರೆ ಉದುರುತ್ತಿತ್ತು. ಬಸವಾಪಟ್ಟಣದ ಹಾಲೇಶಪ್ಪ ಬಸ್ಸಿನ ಕ್ಲೀನರು; ಹೊರಟ ಬಸ್ಸನ್ನು ಓಡಿ ಹಿಡಿದು ಹಿಡಿದು ಅವನ ಕಾಲು ಪಳಗಿತ್ತು. ಗೋಲಿಗೆ ಮಾತ್ರ ಮುರುಗೇಶಪ್ಪ ತನ್ನ ಭಾವಮೈದುನನನ್ನೇ ಇಟ್ಟುಕೊಳ್ಳುವವನಿದ್ದ. ಎಪ್ಪತ್ತಾರರಲ್ಲಿ ಕಣ್ಣು ಮುಚ್ಚಿದವನು ಅವನೇ.

ಸೋಮವಾರ ಸೂಳೆಕೆರೆಯ ಏರಿಯ ಮೇಲಿರುವ ಸಿದ್ದೇಶ್ವರನ ಗುಡಿಗೆ ಹೋಗುವುದು ನನ್ನ ನೇಮ. ಆ ವಾರ ದರ್ಶನ ಮುಗಿಸಿ ಬರುವಾಗ ಏರಿಯ ಕೆಳಗೆ ಒಂದು ನೋಟ ಕಂಡಿತು. ಹರಿಗೋಲಿನಲ್ಲಿ ನಿಂತವನೊಬ್ಬ ದೊಡ್ಡ ದೊಡ್ಡ ಮೀನುಗಳನ್ನು ಒಂದರ ಹಿಂದೊಂದು ದಡಕ್ಕೆ ಎಸೆಯುತ್ತಿದ್ದ. ದಡದಲ್ಲಿ ನಿಂತ ಎತ್ತರದ ಆಳು ಅವುಗಳನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ಹಾಕುತ್ತಿದ್ದ. ಇನ್ನೂ ಜೀವವಿದ್ದ, ಒದ್ದಾಡುವ, ಜಾರುವ ಮೀನುಗಳು. ಇಪ್ಪತ್ತರವರೆಗೆ ಎಣಿಸಿದೆ, ಒಂದೂ ಕೆಳಗೆ ಬೀಳಲಿಲ್ಲ. ಅವನು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ.

ಬುಟ್ಟಿಯ ಪಕ್ಕ ಕೂತಿದ್ದ ಮುದುಕಿ ನನ್ನ ಹಣೆಯ ವಿಭೂತಿ ನೋಡಿ ನಕ್ಕಳು. "ಏನ್ ಸ್ವಾಮೇರೇ, ಮೀನು ಬೇಕಾಗಿತ್ತಾ? ಮೊದ್ಲು ಇಬೂತಿ ಒರೆಸ್ಕೊಂಡು ಬರ್ರಿ."

"ಮೀನು ಬ್ಯಾಡಮ್ಮ. ಅವನು ಯಾರು? ಅವನು ಬೇಕಾಗಿತ್ತು."

"ನನ್ನ ಮಗ ಜಂಪಣ್ಣನಾ? ಹೊತ್ತಿಗೆ ನಾಕು ಮುದ್ದೆ ಉಣ್ತಾನೆ ಕಣ್ರೀ. ತೂಕ ಹಾಕೋದೂ ಬ್ಯಾಡ, ಸುಮ್ನೆ ಕರ್ಕೊಂಡು ಹೋಗ್ರಿ!"

ಮುದುಕಿಯ ಹೆಸರು ಗಾದ್ರಮ್ಮ. ಅವಳ ಮಗನಿಗೆ ಇಪ್ಪತ್ನಾಲ್ಕು ವರ್ಷ. ಮರುದಿನ ಅವನನ್ನು ಬಯಲಿಗೆ ಕರೆತಂದು ಗೋಲಿನಲ್ಲಿ ನಿಲ್ಲಿಸಿದೆವು. ರೇವಣ್ಣ ಹನ್ನೆರಡು ಸಲ ಒದ್ದ. ಹನ್ನೊಂದು ಸಲ ಚೆಂಡು ಜಂಪಣ್ಣನ ಎದೆಯಲ್ಲಿತ್ತು. "ಮೀನಿಗಿಂತ ಇದೇ ಸಲೀಸು ಐತೆ," ಎಂದ ಅವನು. "ಇದಕ್ಕೆ ಬಾಲ ಇಲ್ಲ." ಅಂದು ಮುರುಗೇಶಪ್ಪ ಭಾವಮೈದುನನ ಹೆಸರೆತ್ತಲಿಲ್ಲ.

ಆದರೆ ಆ ವಾರವೇ ಶೀಲ್ಡ್ ಸಮಿತಿಯಿಂದ ಫಾರಂಗಳು ಬಂದವು. ಹಿಂದೆ ಕೆಲವು ಊರಿನವರು ಒಬ್ಬನ ಹೆಸರಿನಲ್ಲಿ ಇನ್ನೊಬ್ಬನನ್ನು ಆಡಿಸಿ ಮೋಸ ಮಾಡಿದ್ದರಂತೆ. ಅದಕ್ಕೆ ಹೊಸ ನಿಯಮ: ಆಟಗಾರನು ಫಾರಂನಲ್ಲಿ ರುಜು ಮಾಡತಕ್ಕದ್ದು, ಪ್ರತಿ ಪಂದ್ಯಕ್ಕೂ ಮುಂಚೆ ರೆಫರಿಯ ಪುಸ್ತಕದಲ್ಲಿ ಅದೇ ರುಜು ಮಾಡತಕ್ಕದ್ದು, ಹೆಬ್ಬೆಟ್ಟು ನಡೆಯದು.

ಜಂಪಣ್ಣ ತನ್ನ ಹೆಬ್ಬೆರಳನ್ನು ನೋಡಿಕೊಂಡ. "ನಮ್ಮ ಕಡೆ ಎಲ್ಲಾರೂ ಇದೇ ಒತ್ತೋದು ಮೇಷ್ಟ್ರೇ."

"ಮುಗೀತು ಬಿಡ್ರಿ," ಎಂದ ಮುರುಗೇಶಪ್ಪ. "ನನ್ನ ಭಾವಮೈದ ಬಿ.ಎ. ಓದ್ಯಾನೆ, ಇಂಗ್ಲೀಷಿನಾಗೆ ಸಹಿ ಮಾಡ್ತಾನೆ."

"ಸಹಿ ಚೆಂಡು ಹಿಡಿಯಲ್ಲ ಕಣೋ ಮುರುಗೇಶಿ," ಎಂದೆ. "ಫಾರಂ ಕಳಿಸಾಕೆ ಎಷ್ಟು ದಿನ ಐತೆ?"

"ಹದಿನೆಂಟು."

"ಮೂರು ಅಕ್ಷರ. ಹದಿನೆಂಟು ದಿನ ಜಾಸ್ತೀನೇ ಆತು."

ಜಂಪಣ್ಣನಿಗೆ ದಡದಲ್ಲಿ ಪುರುಸೊತ್ತಿರಲಿಲ್ಲ. ಬಲೆ ಬಿಟ್ಟ ಮೇಲೆ ನೀರಿನ ನಡುವೆ ಕಾಯುವ ಹೊತ್ತೊಂದೇ ಅವನ ಬಿಡುವು. ಹಾಗಾಗಿ ನಾನು ದಿನವೂ ಬಸ್ಸು ಹತ್ತಿ ಸೂಳೆಕೆರೆಗೆ ಹೋಗಿ ಅವನ ಹರಿಗೋಲಿನಲ್ಲಿ ಕುಳಿತೆ. ನನಗೆ ಈಜು ಬಾರದು. ಮೀನಿನ ವಾಸನೆಗೆ ಮೊದಲ ದಿನ ಮೂಗಿಗೆ ಶಲ್ಯ ಒತ್ತಿಕೊಂಡೇ ಕೂತೆ. ಮನೆಗೆ ಬಂದು ಮತ್ತೊಮ್ಮೆ ಸ್ನಾನ ಮಾಡಿ ಶಿವನ ಮುಂದೆ ಕೂತು, ಇದು ತಪ್ಪಾದರೆ ನನಗಿರಲಿ ಎಂದು ಕೇಳಿಕೊಂಡೆ. ನಮ್ಮ ಬೀದಿಯವರು, ಮೇಷ್ಟರಿಗೆ ಹೆಂಡತಿ ಹೋದ ಮೇಲೆ ತಲೆ ಕೆಟ್ಟಿದೆ ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದು ಮಾರನೆಯ ದಿನವೂ ಹೋದೆ.

ಹರಿಗೋಲು ಗುಂಡಗಿನದು. ಇಬ್ಬರೂ ಒಂದೇ ಕಡೆ ಕೂತರೆ ವಾಲುತ್ತದೆ, ಎದುರುಬದುರೇ ಕೂರಬೇಕು. ನಡುವೆ ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಸ್ಲೇಟು ಇಟ್ಟೆವು. ನಾನು ಬಳಪದಿಂದ ಬರೆಯುವೆ. ಅದರ ಮೇಲೆಯೇ ಅವನು ಹತ್ತು ಸಲ ತಿದ್ದುವನು. ಆಮೇಲೆ ಅಳಿಸಿ ತಾನೇ ಬರೆಯುವನು.

"ಈ 'ಜ' ಅನ್ನೋದು ಗಾಳಕ್ಕೆ ಸಿಕ್ಕ ಸೀಗಡಿ ಇದ್ದಂಗೆ ಐತೆ," ಎನ್ನುವನು.

"ಸೀಗಡಿ ಅಂತಾನೇ ತಿಳ್ಕೋ. ಪಕ್ಕದಾಗೆ ಸೊನ್ನೆ ಹಾಕು."

"ಇದು ಅದರ ಮೊಟ್ಟೆ."

ಬೆಳಕು ಹರಿಯುವ ಮೊದಲೇ ಎದ್ದು ಬಲೆ ಎಳೆದ ಬೆರಳುಗಳವು. ಬಳಪ ಅವುಗಳಲ್ಲಿ ಮುರಿದು ಮುರಿದು ಬೀಳುತ್ತಿತ್ತು. ಹನ್ನೆರಡು ಬಳಪ ಹೋದವು. ಆದರೂ ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ.

ಒಂದು ದಿನ ತಿದ್ದುತ್ತ ತಲೆಯೆತ್ತದೆ ಕೇಳಿದ. "ನಿಮ್ಮನೆ ಅಮ್ಮಾರಿಗೆ ಬರೆಯಾಕೆ ಬರ್ತಿತ್ತಾ ಮೇಷ್ಟ್ರೇ?"

"ಇಲ್ಲ."

"ಮೇಷ್ಟ್ರ ಹೆಂಡ್ತಿಗೇ ಬರ್ತಿರಲಿಲ್ವಾ?"

"ಒಂದೆರಡು ಸಲ ಕೇಳಿದ್ಲು. ನಾಳೆ ಅಂದೆ."

ಅವನು ಸ್ಲೇಟು ಒರೆಸಿ ಮತ್ತೆ ಬರೆದ. 'ಣ್ಣ' ಒತ್ತಕ್ಷರ ಅಂದು ಮೊದಲ ಸಲ ಸರಿಯಾಗಿ ಬಂತು.

ಹದಿನೇಳನೆಯ ದಿನ ಅವನು ಐದು ಸಲ ಬರೆದ. ಐದೂ ನನ್ನ ಕಣ್ಣಿಗೆ ಅಚ್ಚು ಹಾಕಿದ ಹಾಗೆ ಕಂಡವು. ಶಾಲೆಯಲ್ಲಿ ಇಷ್ಟು ದುಂಡಗೆ ಬರೆದವರು ಕಡಿಮೆ. ಸಂತೋಷದಿಂದ ಗುಡಿಯಲ್ಲಿ ಕಾಯಿ ಒಡೆಸಿದೆ.

ಮರುದಿನ ಮಧ್ಯಾಹ್ನ ಮುರುಗೇಶಪ್ಪನ ಮಂಡಿಗೆ ಹೋದೆವು. ಮೂರು ಗಂಟೆಯ ಬಸ್ಸಿಗೆ ಫಾರಂಗಳು ಹೊನ್ನಾಳಿಗೆ ಹೋಗಬೇಕು. ಒಬ್ಬೊಬ್ಬನಿಗೆ ಒಂದೇ ಫಾರಂ ಇದ್ದದ್ದರಿಂದ, ಮೊದಲು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆಯಲಿ ಎಂದು ಮುರುಗೇಶಪ್ಪ ಹೇಳಿದ. ಜಂಪಣ್ಣ ಮೇಜಿನ ಆ ಕಡೆ ಅವನ ಪಕ್ಕದಲ್ಲಿ ಕೂತ. ನಾನು ಈ ಕಡೆ ನಿಂತೆ. ನಾಲಿಗೆ ಕಚ್ಚಿಕೊಂಡು ಬರೆದ. ಅಚ್ಚು ಹಾಕಿದ ಹಾಗೆಯೇ.

"ನೋಡಪ್ಪ ಮುರುಗೇಶಿ!" ಎಂದೆ.

ಮುರುಗೇಶಪ್ಪ ಹಾಳೆಯನ್ನು ನೋಡಿದ, ಜಂಪಣ್ಣನನ್ನು ನೋಡಿದ, ನನ್ನನ್ನು ನೋಡಿದ. "ಮೇಷ್ಟ್ರೇ, ಸ್ವಲ್ಪ ಈ ಕಡೆ ಬರ್ರಿ."

ಹೋಗಿ ಅವನ ಪಕ್ಕದಲ್ಲಿ ನಿಂತು ನೋಡಿದೆ. ಹೆಸರು ತಲೆಕೆಳಗಾಗಿತ್ತು. ಬಲದಿಂದ ಎಡಕ್ಕೆ, ಮೂರು ಅಕ್ಷರಗಳೂ ಕಾಲು ಮೇಲೆ ಮಾಡಿಕೊಂಡು ನಿಂತಿದ್ದವು.

ಹದಿನೇಳು ದಿನ ನಾನು ಎದುರಿಗೆ ಕೂತು ಬರೆದಿದ್ದೆ. ಅವನು ತನ್ನ ಕಡೆಯಿಂದ ಕಂಡದ್ದನ್ನು ಕಂಡ ಹಾಗೆಯೇ ಕಲಿತಿದ್ದ. ಅವನು ಬರೆದದ್ದು ಎದುರಿಗಿದ್ದ ನನಗೆ ನೇರವಾಗಿ ಕಾಣುತ್ತಿತ್ತು. ಮೂವತ್ತಾರು ವರ್ಷ ಅಕ್ಷರ ಕಲಿಸಿದವನಿಗೆ ಅಷ್ಟು ಹೊಳೆಯಲಿಲ್ಲ. ಸ್ಲೇಟನ್ನು ಒಂದು ಸಲ ಅವನ ಕಡೆಗೆ ತಿರುಗಿಸಿದ್ದರೆ ಸಾಕಿತ್ತು.

"ಸರಿಯಾಗಿಲ್ವಾ?" ಎಂದ ಜಂಪಣ್ಣ. ಅವನ ಮುಖ ನೋಡಲಾಗಲಿಲ್ಲ.

ನೇರವಾಗಿ ಬರೆದು ತೋರಿಸಿದೆ. ಅವನು ಪ್ರಯತ್ನಪಟ್ಟ. ಕೈ ನಡುದಾರಿಯಲ್ಲಿ ನಿಂತುಹೋಯಿತು. ಸೀಗಡಿ ಯಾವ ಕಡೆ ಬಾಲ ಹಾಕಬೇಕೆಂದು ತಿಳಿಯದೆ ಗಂಟಾಯಿತು. ಗಡಿಯಾರ ಎರಡೂಮುಕ್ಕಾಲು. ಮುರುಗೇಶಪ್ಪ ಮೇಜಿನ ಖಾನೆಯಿಂದ ಇನ್ನೊಂದು ಫಾರಂ ತೆಗೆದ. ಅದರಲ್ಲಿ ಭಾವಮೈದುನನ ಇಂಗ್ಲಿಷ್ ಸಹಿ ಆಗಲೇ ಬಿದ್ದಿತ್ತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಷ್ಟ್ರೇ. ನೀವೂ ಮಾಡೋದು ಮಾಡಿದ್ರಿ."

ನನಗೆ ಆಗ ಬಂದದ್ದು ಬುದ್ಧಿಯೋ ಸಿಟ್ಟೋ ಹೇಳಲಾರೆ. ಅವನ ಕೈಯಿಂದ ಜಂಪಣ್ಣನ ಫಾರಂ ಕಸಿದುಕೊಂಡೆ. ಮೇಜಿನ ಮೇಲೆ ಇಟ್ಟು, ತಲೆಭಾಗ ಜಂಪಣ್ಣನ ಕಡೆಗೆ ಬರುವ ಹಾಗೆ ಸುತ್ತ ತಿರುಗಿಸಿದೆ.

"ಈಗ ಬರಿ. ಹರಿಗೋಲಿನಾಗೆ ಬರೆದಂಗೇ ಬರಿ."

ಅವನು ಬರೆದ. ಫಾರಂ ಎತ್ತಿ ಸರಿಯಾಗಿ ಹಿಡಿದೆ. 'ಜಂಪಣ್ಣ' ಎಂದು ನೆಟ್ಟಗೆ ಓದಿಸಿಕೊಂಡಿತು. ಮುರುಗೇಶಪ್ಪ ನಗಲು ಶುರುಮಾಡಿದವನು ಬಸ್ಸಿನ ಹಾರನ್ನು ಕೇಳುವವರೆಗೂ ನಿಲ್ಲಿಸಲಿಲ್ಲ.

ಮೊದಲ ಪಂದ್ಯ ನಮ್ಮ ಬಯಲಿನಲ್ಲೇ, ಜಗಳೂರಿನವರ ಮೇಲೆ. ಆಟಕ್ಕೆ ಮುಂಚೆ ರೆಫರಿ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಪುಸ್ತಕ ಇಟ್ಟರು. ಒಬ್ಬೊಬ್ಬರೇ ಬಂದು ರುಜು ಹಾಕಿದರು. ಜಂಪಣ್ಣನ ಸರದಿ ಬಂದಾಗ ಅವನು ಪುಸ್ತಕವನ್ನು ತಿರುಗಿಸಿ ಇಟ್ಟುಕೊಂಡ.

ಜಗಳೂರಿನ ಮ್ಯಾನೇಜರು ಚಿತ್ತಪ್ಪ ಕೂಗಿಕೊಂಡ. "ಏನ್ರೀ ಇದು! ನಿಮ್ಮ ಗೋಲಿನೋನು ಪುಸ್ತಕಾನೇ ತಲೆಕೆಳಗೆ ಹಿಡಿದಾನೆ! ಇವನಿಗೆ ಅಕ್ಷರ ಬರಲ್ಲ, ಫಾರಂನಾಗೆ ಬ್ಯಾರೆ ಯಾರೋ ಬರೆದಾರೆ!"

ಜನ ಸುತ್ತುಗಟ್ಟಿದರು. ಯಾರೋ ಹಿಂದಿನಿಂದ, "ಗೋಲನ್ನೂ ತಿರುಗಿಸಿ ನಿಲ್ಲಿಸ್ತೀರೇನ್ರೀ?" ಎಂದು ಚುಡಾಯಿಸಿದರು. ಜಾರುವ ಮೀನನ್ನೂ ಬಿಡದವನು ಜಂಪಣ್ಣ. ಅವನೇ ಈಗ ಪೆನ್ನು ಕೆಳಗಿಡುವವನಿದ್ದ.

ನಾನು ಜನರನ್ನು ಸರಿಸಿಕೊಂಡು ಒಳಗೆ ಹೋದೆ. ಮಡಿಪಂಚೆಯೆಂದು ನೋಡದೆ ಬೆಂಚಿನ ಆ ಕಡೆ ನೆಲದ ಮೇಲೆ, ಅವನ ಎದುರಿಗೆ ಕೂತೆ.

"ಅವರ ಕಡೆ ನೋಡಬ್ಯಾಡ. ಬಲೆ ಬಿಟ್ಟೈತೆ, ಇನ್ನೂ ಹೊತ್ತೈತೆ. ಸೀಗಡಿ ಹಾಕು."

ಅವನು ನನ್ನನ್ನೇ ನೋಡಿದ. ಆಮೇಲೆ ಪುಸ್ತಕವನ್ನು ನೋಡಿದ. ಸೀಗಡಿ ಬಂತು, ಮೊಟ್ಟೆ ಬಂತು, 'ಪ' ಬಂತು, 'ಣ್ಣ' ಬಂತು.

ರೆಫರಿ ಫಾರಂ ಮತ್ತು ಪುಸ್ತಕ ಎರಡನ್ನೂ ಕನ್ನಡಕದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. "ಚಿತ್ತಪ್ಪನೋರೇ, ರುಜು ಹೊಂದಬೇಕು ಅಂತ ನಿಯಮ ಐತೆ. ಹೊಂದೈತೆ. ಯಾವ ಕಡೆ ಕೂತು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ," ಎಂದು ಸೀಟಿ ಊದಿದರು.

ನಾನು ಮನೆಗೆ ಹೋದೆ. ಅವಳು ಹೋದ ಮೇಲೆ ಗೂಟಕ್ಕೆ ನೇತುಹಾಕಿದ್ದ ಮೊರವನ್ನು ಇಳಿಸಿದೆ. ಅರ್ಧ ಸೇರು ಅಕ್ಕಿ ಹಾಕಿಕೊಂಡು ಮಾಳಿಗೆ ಹತ್ತಿದೆ.

ಆಟ ಒಂದು ಒಂದರಲ್ಲಿ ಸಮವಾಯಿತು. ನಮ್ಮದನ್ನು ರೇವಣ್ಣ ಎಡಗಾಲಿನಲ್ಲೇ ಹಾಕಿದ, ಹಾಲೇಶಪ್ಪ ಓಡಿ ತಂದುಕೊಟ್ಟ ಚೆಂಡದು. ಜಂಪಣ್ಣ ಒಂಬತ್ತು ಹಿಡಿದ, ಒಂದು ಬಿಟ್ಟ. ಕೊನೆಯ ಗಳಿಗೆಯಲ್ಲಿ ಜಗಳೂರಿನವನೊಬ್ಬ ಐದು ಮಾರು ದೂರದಿಂದ ಒದ್ದದ್ದನ್ನು ಅವನು ಕಣ್ಣು ತೆರೆದುಕೊಂಡೇ ಹೊಟ್ಟೆಗೆ ಅವುಚಿಕೊಂಡು ಬಿದ್ದ. ನಾನು ಎದ್ದು ನಿಂತು ಕೂಗಿದೆನಂತೆ. ನನಗೆ ನೆನಪಿಲ್ಲ, ಪಕ್ಕದ ಮನೆಯವರು ಹೇಳಿದರು.

ಆಟ ಮುಗಿದ ಮೇಲೆ ಜಂಪಣ್ಣ ಹಿತ್ತಲ ಗೋಡೆಯ ಹತ್ತಿರ ಬಂದು ನಿಂತ. ಮೊಣಕೈ ತರಚಿತ್ತು.

"ಮೇಷ್ಟ್ರೇ, ನಾಳೆಯಿಂದ ನೆಟ್ಟಗೆ ಬರೆಯಾಕೆ ಕಲಿಸ್ರಿ. ನಾಚಿಕೆ ಆಕೈತೆ."

"ಇನ್ನೂ ಐದು ಪಂದ್ಯ ಐತೆ. ಶೀಲ್ಡು ಬರೋತನಕ ಹೆಸರು ಹಿಂಗೇ ಇರ್ಲಿ, ಕೈ ಕೆಡಿಸ್ಕೋಬ್ಯಾಡ. ಮಿಕ್ಕಿದ್ದು ಕಲಿಯೋಣ. ನಾಳೆಯಿಂದ ಏರಿ ಮ್ಯಾಲೆ ಕೂರೋದು, ನಾನು ನಿನ್ನ ಪಕ್ಕದಾಗೆ."

"ನಾಳೇನೇ ಬರ್ತೀರಾ?"

"ನಾಳೇನೇ."

ಸಂಜೆ ಪೂಜೆ ಮುಗಿಸಿ ಅನ್ನಕ್ಕಿಟ್ಟೆ. ಊಟದಲ್ಲಿ ಮೂರು ಕಲ್ಲು ಸಿಕ್ಕವು. ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು ಊಟ ಮುಗಿಸಿದೆ. ಮುಂದಿನ ಭಾನುವಾರದ ಆಟ ಹೊನ್ನಾಳಿಯಲ್ಲಿ. ಅಲ್ಲಿ ನಮಗೆ ಮಾಳಿಗೆ ಇಲ್ಲ, ಬಿಸಿಲಿನಲ್ಲಿ ನಿಲ್ಲಬೇಕು. ಅಟ್ಟ ಹತ್ತಿ ಕೊಡೆ ಹುಡುಕಿ ಇಟ್ಟುಕೊಂಡೆ.