ಕಪಾಟಿನ ಬಲಮೂಲೆ

ಮನೆಸಾಮಾನು ಸಾಗಿಸುವವರ ಗೋದಾಮಿನಲ್ಲಿ ಗುಣಗಳ ಬೋರ್ಡು ಯಾಕೆ ಬೇಕು ಹೇಳಿ! ಆದರೆ ಮಾಲೀಕರು ಎಲ್ಲೋ ಒಂದು ದಿನದ ತರಬೇತಿಗೆ ಹೋಗಿ ಬಂದರು, ಬಂದವರೇ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿಬಿಟ್ಟರು: ಪ್ರಾಮಾಣಿಕತೆ, ಶಿಸ್ತು, ಸಹನೆ, ಒಗ್ಗಟ್ಟು, ಇನ್ನೂ ಮೂರು. ಅದರ ಕೆಳಗೆ ಆಳುಗಳ ಹೆಸರು, ತಿಂಗಳಿಗೊಮ್ಮೆ ಗುರುತು. ಎಂಟು ತಿಂಗಳಿಂದ ಏಳಕ್ಕೆ ಏಳೂ ಗುರುತು ಗಿಟ್ಟಿಸುತ್ತಿದ್ದವನು ಒಬ್ಬನೇ, ಮೇಸ್ತ್ರಿಯ ಅಳಿಯ.

ಮೇಸ್ತ್ರಿಗೆ ಹೆಮ್ಮೆಯೋ ಹೆಮ್ಮೆ. ಇಪ್ಪತ್ತಾರು ವರ್ಷ ಜನರ ಮಂಚ, ಬೀರು, ಫ್ರಿಜ್ಜುಗಳನ್ನು ಮೆಟ್ಟಿಲು ಹತ್ತಿಸಿ ಇಳಿಸಿ ಮಂಡಿ ಸವೆಸಿಕೊಂಡವನು ಅವನು. ಭಾರ ಮುಟ್ಟಲೇಬೇಡ ಎಂದು ಡಾಕ್ಟರು ಗದರಿದ ಮೇಲೆ, ಅಳಿಯನನ್ನು ತನ್ನ ಜಾಗಕ್ಕೆ ತಂದು ನಿಲ್ಲಿಸಿ, ತಾನು ಬರೀ ಬಾಯಲ್ಲಿ ಕೆಲಸ ಮಾಡುತ್ತಿದ್ದ. ಎಡಕ್ಕೆ, ಇನ್ನೊಂಚೂರು ಮೇಲಕ್ಕೆ, ಗೋಡೆ ಜೋಪಾನ, ಅಷ್ಟೇ. ಈಗ ಅದನ್ನೂ ಬಿಡುವ ಕಾಲ ಬಂದಿತ್ತು. ಮುಂದಿನ ಮೇಸ್ತ್ರಿ ಯಾರೆಂದು ನೀನೇ ಹೇಳು, ನೀನು ಹೇಳಿದ್ದೇ ಆಗಲಿ ಎಂದು ಮಾಲೀಕರು ಅವನ ತಲೆಗೇ ಕಟ್ಟಿದ್ದರು. ಹೇಳಬೇಕಾದದ್ದು ಇವತ್ತು ಸಂಜೆ. ಬೆಳಿಗ್ಗೆ ಮಗಳು ಫೋನು ಮಾಡಿ, ಇವರ ಹೆಸರೇ ತಾನೇ ಹೇಳೋದು ಅಂತ ಮೂರು ಸಲ ಕೇಳಿದಳು. ಅದನ್ನೂ ಕೇಳಬೇಕಾ ಎಂದು ಅವನು ನಕ್ಕುಬಿಟ್ಟ.

ತಂಡದಲ್ಲಿ ಇನ್ನಿಬ್ಬರಿದ್ದರು, ಗಡ್ಡದವನು ಮತ್ತು ಕುಳ್ಳ. ಹದಿನಾಲ್ಕು ವರ್ಷದಿಂದ ಇದ್ದ ಕುಳ್ಳ ಈಚೆಗೆ ಯಾಕೋ ಸೋತುಹೋಗಿದ್ದ. ಆ ತಂಡದಲ್ಲೊಂದು ಪದ್ಧತಿ: ಕೈ ಸೋತವನು "ಇಳಿಸಿ" ಅನ್ನಬೇಕು, ಅಂದ ಕೂಡಲೇ ಎಲ್ಲರೂ ಇಳಿಸಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಸೋತ ಕೈಯನ್ನು ಮರೆಮಾಚಿದರೆ ಪಕ್ಕದವನ ಕಾಲು ಮುರಿಯುತ್ತದೆ ಎಂದು ಆ ಪದ್ಧತಿ ಮಾಡಿದವನು ಮೇಸ್ತ್ರಿಯೇ. ಕುಳ್ಳ ಈಗ ಒಂದು ಮಹಡಿ ಇಳಿಯುವಷ್ಟರಲ್ಲಿ ಮೂರು ಸಲ "ಇಳಿಸಿ" ಅನ್ನುತ್ತಿದ್ದ. ಅಳಿಯ ಮಾತ್ರ ಬಂದಾಗಿನಿಂದ ಒಂದೇ ಒಂದು ಸಲ ಅಂದವನಲ್ಲ. ಮಾಲೀಕರು ಅದಕ್ಕೇ ಅವನ ಸಹನೆಗೆ ಗುರುತು ಹಾಕಿ, ಕುಳ್ಳನದನ್ನು ಕಿತ್ತುಹಾಕಿದ್ದರು. ಮೇಸ್ತ್ರಿಯೂ ಸುಮ್ಮನಿರಲಿಲ್ಲ. ಹೆರಿಗೆಗೆ ಹೊರಟವಳ ಹಾಗೆ ಮೆಟ್ಟಿಲಿಗೊಂದು ಸಲ ನಿಲ್ಲುತ್ತೀಯಲ್ಲೋ ಎಂದು ಎಲ್ಲರೆದುರು ಹಂಗಿಸಿದ್ದ. ಕುಳ್ಳ ಹಲ್ಲು ಬಿಟ್ಟು ನಕ್ಕಿದ್ದ.

ಇವತ್ತೇ ಗಡ್ಡದವನು ಸೊಂಟ ಹಿಡಿದುಕೊಂಡಿದೆ ಎಂದು ಬರಲಿಲ್ಲ. ಮೂರನೇ ಮಹಡಿಯ ಮನೆ, ಲಿಫ್ಟಿನಲ್ಲಿ ಹಿಡಿಸದ ಮರದ ಕಪಾಟು. ಬೇರೆ ದಾರಿಯಿಲ್ಲದೆ ಮೇಸ್ತ್ರಿ ಎಂಟು ತಿಂಗಳ ಮೇಲೆ ತಾನೇ ಕೈಹಚ್ಚಿದ. ಮೇಲಿನ ತುದಿಗೆ ಅವನೊಬ್ಬ, ಭಾರವೆಲ್ಲ ಬೀಳುವ ಕೆಳಗಿನ ತುದಿಗೆ ಇಬ್ಬರು: ಎಡಮೂಲೆಗೆ ಕುಳ್ಳ, ಬಲಮೂಲೆಗೆ ಅಳಿಯ.

ನಾಲ್ಕು ಮೆಟ್ಟಿಲು ಇಳಿದಿರಲಿಲ್ಲ, ಮೇಸ್ತ್ರಿಯ ಅಂಗೈಗೆ ಏನೋ ಸರಿಯಿಲ್ಲ ಅನ್ನಿಸಿತು. ಈ ಕಸುಬಿನವರಿಗೆ ಅಂಗೈಯೇ ಕಣ್ಣು. ಕಪಾಟು ಬಲಕ್ಕೆ ಜೋಲುತ್ತಿತ್ತು. ಬಲಗಡೆ ಮನುಷ್ಯನಿದ್ದಾನೆ, ತಿಣುಕುವ ಸದ್ದಿದೆ, "ಹಾಂ, ಬರಲಿ, ಬರಲಿ" ಎಂಬ ಹುರುಪಿನ ಮಾತಿದೆ. ಭಾರ ಹಿಡಿದಿರುವ ಕೈ ಮಾತ್ರ ಇಲ್ಲ. ಮೊದಲ ತಿರುವಿನಲ್ಲಿ ಕಪಾಟು ಮಗ್ಗುಲಾದಾಗ ಮೇಸ್ತ್ರಿ ಬಗ್ಗಿ ನೋಡಿದ. ಕುಳ್ಳನ ಉಗುರುಗಳು ರಕ್ತವಿಲ್ಲದೆ ಬೆಳ್ಳಗಾಗಿದ್ದವು. ಅಳಿಯನ ಉಗುರುಗಳು ಹಸುಗೂಸಿನ ಉಗುರಿನಂತೆ ಕೆಂಪಗೆ, ಹಾಯಾಗಿ, ಮರದ ಮೇಲೆ ಮಲಗಿದ್ದವು. ಹಿಡಿದಿರಲಿಲ್ಲ ಅವನು, ಸವರುತ್ತಿದ್ದ.

"ಇಳಿಸಿ," ಎಂದ ಕುಳ್ಳ.

"ಏನಯ್ಯಾ ನೀನು, ಮಾವನೇ ಮಂಡಿನೋವಲ್ಲಿ ಹಿಡ್ಕೊಂಡಿದಾರೆ!" ಎಂದ ಅಳಿಯ.

ಮೇಸ್ತ್ರಿ ತನ್ನ ತುದಿಯನ್ನು ಮೆಟ್ಟಿಲ ಮೇಲೆ ಇಳಿಸಿದ. ಥೂ! ಸಿಟ್ಟಾಗಿದ್ದರೆ ಬೈದು ಮುಗಿಸುತ್ತಿದ್ದ. ಇದು ಸಿಟ್ಟಲ್ಲ, ಅನ್ನದಲ್ಲಿ ಕೂದಲು ಸಿಕ್ಕಾಗ ಆಗುತ್ತದಲ್ಲ, ಅದು. ಒಮ್ಮೆ ಕಂಡ ಮೇಲೆ ಎಲ್ಲವೂ ಕಾಣತೊಡಗಿತು. ಕಪಾಟು ಲಾರಿ ಸೇರಿದ್ದೇ ತಡ, ಅಳಿಯ ಲಾರಿಯ ಹಿಂದೆ ಸರಿದು ಬಾಟಲಿ ನೀರನ್ನು ಹಣೆಗೆ, ಕುತ್ತಿಗೆಗೆ, ಎದೆಗೆ ಚಿಮುಕಿಸಿಕೊಂಡ. ಆಮೇಲೆ ಏದುಸಿರು ಬಿಡುತ್ತಾ ಮನೆಯೊಡತಿಯ ಮುಂದೆ ಹೋಗಿ, ನಮ್ಮ ತಂಡದ ಒಗ್ಗಟ್ಟು ಅಮ್ಮಾ, ಒಬ್ಬರಿಂದ ಆಗೋ ಕೆಲಸವಾ ಇದು ಅಂದ. ಆಯಮ್ಮ, ಪಾಪ, ಎಷ್ಟು ಬೆವತಿದ್ದೀರಿ ಎಂದು ಮರುಗಿದಳು. ಎದೆ ಒದ್ದೆ, ಕಂಕುಳು ಒಣ. ಅಂಥ ಬೆವರನ್ನು ಮೇಸ್ತ್ರಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಗೋದಾಮಿಗೆ ಮರಳಿದ ಮೇಲೆ, ಕುಳ್ಳ ನಲ್ಲಿಯ ಹತ್ತಿರ ಕೂತು ಬೆರಳು ನೀವಿಕೊಳ್ಳುತ್ತಿದ್ದಾಗ, ಮೇಸ್ತ್ರಿ ಹೋಗಿ ಪಕ್ಕದಲ್ಲಿ ನಿಂತ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ಏನು ಅಂತ ಕುಳ್ಳ ಕೇಳಲಿಲ್ಲ.

"ಅವರು ಬಂದಾಗಿನಿಂದ," ಎಂದ.

"ನನಗ್ಯಾಕೋ ಹೇಳಲಿಲ್ಲ?"

ಕುಳ್ಳ ತಲೆಯೆತ್ತಿ ನೋಡಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಿಮಗೆ ಗೊತ್ತಿಲ್ವಾ ಮೇಸ್ತ್ರಿ? ಗೊತ್ತಿದ್ದೇ ಕರ್ಕೊಂಡು ಬಂದಿದೀರಿ ಅಂದ್ಕೊಂಡಿದ್ವಿ ನಾವಿಬ್ಬರೂ. ನಿಮ್ಮ ಮನೆಯವರಲ್ವಾ, ಅವರ ಪಾಲೂ ನಾವೇ ಹೊತ್ಕೊಂಡ್ರಾಯ್ತು ಅಂತ."

 ತನ್ನ ತಂಡದಲ್ಲಿ ಚಾಡಿಯಿಲ್ಲ, ಜಗಳವಿಲ್ಲ ಎಂದು ಮೇಸ್ತ್ರಿ ಊರೆಲ್ಲ ಕೊಚ್ಚಿಕೊಂಡು ಓಡಾಡಿದ್ದನಲ್ಲ, ಆ ಒಗ್ಗಟ್ಟಿನ ಒಳಗಿದ್ದದ್ದು ಇದು. ಒಬ್ಬನ ಸೊಂಟ ಹೋಗಿತ್ತು, ಇನ್ನೊಬ್ಬನ ಬೆರಳು ಮಡಚಲು ಬರುತ್ತಿರಲಿಲ್ಲ, ಮೂರನೆಯವನ ಹೆಸರಿನ ಮುಂದೆ ಏಳು ಗುರುತು.

ಸಂಜೆ ಮಾಲೀಕರು ಎಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ, ಹೇಳಪ್ಪಾ ಅಂದರು. ಅಳಿಯ ಆಗಲೇ ತಲೆ ಬಾಚಿಕೊಂಡು ಅರ್ಧ ಹೆಜ್ಜೆ ಮುಂದೆ ನಿಂತಿದ್ದ. ಮೇಸ್ತ್ರಿ ಕಡ್ಡಿ ತುಂಡು ಮಾಡಿದ ಹಾಗೆ ಕುಳ್ಳನ ಹೆಸರು ಹೇಳಿದ. ಯಾಕೆಂದು ಮಾಲೀಕರು ಕೇಳಿದ್ದಕ್ಕೆ, ಅಳಿಯನ ಕೈಗಳು ಭಾರ ಹೊರುವುದಿಲ್ಲ, ಈ ಎಂಟು ತಿಂಗಳೂ ಹೊತ್ತಿಲ್ಲ ಎಂದು ಅದನ್ನೂ ಹೇಳಿದ. ಮಾಲೀಕರು ಬೋರ್ಡಿನ ಕಡೆ ನೋಡಿ, ಹಾಗಾದರೆ ಇದೆಲ್ಲ ಎಂದು ಗೊಣಗಿದರು.

ಅಳಿಯನ ಮುಖ ಕಪ್ಪಿಡುತ್ತದೆ, ತಪ್ಪಾಯಿತು ಅನ್ನುತ್ತಾನೆ, ಇಲ್ಲವೇ ಜಗಳಕ್ಕಾದರೂ ಬರುತ್ತಾನೆ ಅಂದುಕೊಂಡಿದ್ದ ಮೇಸ್ತ್ರಿ. ಅಳಿಯ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ! ಮಾವ ಹೇಳಿದ್ದು ನೂರಕ್ಕೆ ನೂರು ಸರಿ, ತಪ್ಪು ತಿಳಿಸಿಕೊಟ್ಟರೆ ತಿದ್ದಿಕೊಳ್ಳುವುದೂ ಒಂದು ಗುಣ ಎಂದ. ಮಾಲೀಕರ ಮುಖ ಅರಳಿತು. ನೋಡ್ರೋ, ಇದು ದೊಡ್ಡತನ ಅಂದರೆ, ಎಂದು ಅವನ ಬೆನ್ನು ತಟ್ಟಿದರು. ಮೇಸ್ತ್ರಿ ಹೊರಗೆ ಬಂದು ಮೋರಿಗೆ ಉಗಿದ.

ಅಲ್ಲಿಂದ ನೇರ ಮಗಳ ಮನೆಗೆ ನಡೆದ. ಅಳಿಯ ಮುಟ್ಟುವ ಮೊದಲು ತಾನೇ ಹೇಳಬೇಕಿತ್ತು. ಅವನು ಬಂದರೆ ಅದಕ್ಕೂ ಬಣ್ಣ ಹಚ್ಚಿ ಹೇಳುತ್ತಾನೆ. ಅಳುತ್ತಾಳೆ, ಇನ್ನು ನಿನ್ನ ಮುಖ ನೋಡಲ್ಲ ಅನ್ನುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡ. ಮಗಳು ಅಡುಗೆಮನೆಯಲ್ಲಿ ಗ್ಯಾಸಿನ ತುಂಬಿದ ಸಿಲಿಂಡರನ್ನು ಒಬ್ಬಳೇ ಓರೆ ಮಾಡಿ ಉರುಳಿಸುತ್ತಿದ್ದಳು. ಅದನ್ನು ಜಾಗಕ್ಕೆ ನಿಲ್ಲಿಸಿ, ಸೆರಗಲ್ಲಿ ಕೈ ಒರೆಸಿಕೊಂಡು, ಅವನು ಹೇಳಿದ್ದೆಲ್ಲ ಕೇಳಿಸಿಕೊಂಡಳು. ಅಳಲಿಲ್ಲ.

"ಅವರ ಕೈ ಹೇಗೆ ಅಂತ ಮದುವೆಯಾದ ವಾರದಲ್ಲೇ ಗೊತ್ತಾಯ್ತಪ್ಪಾ," ಎಂದಳು. "ನೋಡಿ ತಂದವನು ನೀನು. ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

"ಗೊತ್ತಿದ್ದೂ ಬೆಳಿಗ್ಗೆ ಅವನ ಹೆಸರೇ ಹೇಳು ಅಂದ್ಯಲ್ಲಮ್ಮಾ?"

ಅವಳು ಅಪ್ಪನ ಮುಂದೆ ಕುರ್ಚಿ ಎಳೆದಿಟ್ಟಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಇವನನ್ನು ಇರಿಯಿತು.

"ಮೇಸ್ತ್ರಿ ಆದ್ರೆ ಎತ್ತೋದಿರಲ್ವಲ್ಲಪ್ಪಾ, ನಿನ್ನ ಹಾಗೆ ಪಕ್ಕದಲ್ಲಿ ನಿಂತು ಹೇಳ್ತಿದ್ರಾಯ್ತು. ಅದಾದ್ರೂ ಅವರ ಕೈಲಿ ಆಗುತ್ತೆ ಅಂತ."